ಹಳೇ ಫಿಯೆಟ್‌ಗೆ ವಿಂಟೇಜ್ ಪಟ್ಟ, ಮಾರುತಿ 800ಕ್ಕೆ ಶುಲ್ಕದ ಬರೆ

ಭಾನುವಾರ ಕ್ಲಬ್‌ನವರ ಹಳೇ ಕಾರುಗಳು ಸಾಲಾಗಿ ಬಂದರೆ ಪೇಟೆಯವರು ಅಂಗಡಿ ಬಿಟ್ಟು ಹೊರಗೆ ಬಂದು ನೋಡ್ತಾರೆ. ಆದರೆ ಆ ಸಾಲಿನ ಎಲ್ಲ ಕಾರಿಗೂ ಕಾನೂನು ಒಂದೇ ಅಲ್ಲ.

2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರು ಮಾತ್ರ ವಿಂಟೇಜ್. 1960ರ ದಶಕದ ಫಿಯೆಟ್ 1100 ಇದರೊಳಗೆ ಬರುತ್ತೆ. ಮಾರುತಿ 800 ಬರಲ್ಲ. ಅದು ರಸ್ತೆಗಿಳಿದದ್ದೇ 1983ರ ಡಿಸೆಂಬರ್‌ನಲ್ಲಿ. ಮೊಟ್ಟಮೊದಲ ಕಾರೂ 2033ರವರೆಗೆ ಕಾಯಬೇಕು.

ಲೆಕ್ಕ ನೋಡಿ. ವಿಂಟೇಜ್ ನೋಂದಣಿಗೆ 20,000 ರೂ., ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಮಾರುತಿಗೆ 15 ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 600 ರೂ. ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಅಂದರೆ ಹತ್ತು ವರ್ಷಕ್ಕೆ 20,000.

ಹಾಗಂತ ವಿಂಟೇಜ್ ಪಟ್ಟ ಪೂರ್ತಿ ಲಾಭವಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಬಿಟ್ಟು ಆ ಕಾರನ್ನು ದಿನನಿತ್ಯ ಓಡಿಸೋ ಹಾಗಿಲ್ಲ. ಸಂತೆಗೂ ಮಗಳ ಮನೆಗೂ ಫಿಯೆಟ್‌ನಲ್ಲೇ ಹೋಗೋ ಯಜಮಾನರು ಅರ್ಜಿ ಹಾಕೋ ಮುಂಚೆ ಇದನ್ನ ಯೋಚಿಸಬೇಕು.

ನಿಜವಾದ ಪೆಟ್ಟು ಮಾರುತಿ ಇಟ್ಟುಕೊಂಡವರಿಗೆ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲನ್ನು ಶುಲ್ಕವೇ ತಿಂದರೆ ಮಾಲೀಕ ಗುಜರಿಗೆ ಹಾಕ್ತಾನೆ. ಆಗ ಕಾರ್ಬುರೇಟರ್ ಬಿಚ್ಚಿ ಜೋಡಿಸೋ ಮೇಸ್ತ್ರಿಗೂ, ಬಿಡಿಭಾಗದ ಅಂಗಡಿಗೂ ಗಿರಾಕಿ ಕಮ್ಮಿ. ಇವತ್ತು ಗುಜರಿ ಸೇರಿದ ಮಾರುತಿ 2033ರಲ್ಲಿ ವಿಂಟೇಜ್ ಆಗೋಕೆ ಉಳಿದಿರಲ್ಲ.