ಧ್ರುವಸಮುದ್ರದ ಪೈರು

ಹೊಣಕೆರೆಯ ರೈತನಿಗೂ ದಕ್ಷಿಣ ಧ್ರುವದ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ಬೆಳೆಗೆ ಬಿಸಿಲೂ ಗೊಬ್ಬರವೂ ಹದವರಿತು ದೊರೆಯಬೇಕೆಂಬುದನ್ನು ಆ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದ ಬೇಸಾಯವೂ ಅದೇ ನ್ಯಾಯಕ್ಕೆ ಒಳಪಟ್ಟಿರುವುದು.

ಅಲ್ಲಿಯ ಪೈರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ತೇಲುಸಸ್ಯ. ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಭಾಗ ಸಮುದ್ರದ ಇಂಥ ಸಸ್ಯಗಳದೇ. ಗಾಳಿಯು ನೀರನ್ನು ಆಳದವರೆಗೆ ಕಲಕಿದರೆ ಕೆಳಗಿನ ಸಾರವು ಮೇಲೆ ಬರುವುದು. ಆದರೆ ಸಸ್ಯವು ಕತ್ತಲೆಗಿಳಿದು ಸೊರಗುವುದು. ಕಲಕದಿದ್ದರೆ ಸಸ್ಯವು ಮೇಲೆಯೇ ನಿಂತು, ಪ್ರಖರವಾದ ಬಿಸಿಲಿಗೂ ನೇರಳಾತೀತ ಕಿರಣಗಳಿಗೂ ಸಿಕ್ಕಿ ಬಾಡುವುದು. ಅಂಟಾರ್ಕ್ಟಿಕದ ಮೇಲಣ ಓಜೋನ್ ಪದರವು ಸವೆದಿರುವುದೆಂದು 1985ರಲ್ಲಿ ಪ್ರಕಟವಾದಂದಿನಿಂದ ಈ ಎರಡನೆಯ ಭಯವು ಹೆಚ್ಚಿತು.

1987ರ ಮಾಂಟ್ರಿಯಲ್ ಒಪ್ಪಂದದಿಂದ ರಾಷ್ಟ್ರಗಳು ಓಜೋನ್ ನಾಶಕ ಅನಿಲಗಳನ್ನು ತಡೆದುವು. ಪದರವು ನಿಧಾನವಾಗಿ ಚೇತರಿಸಿಕೊಳ್ಳುತ್ತಿರುವುದು. ಇಂಗಾಲಾಮ್ಲ ವಾಯುವಿನ ವಿಷಯದಲ್ಲಿ ಅಂಥ ದೃಢವಾದ ಕಟ್ಟುಪಾಡು ಇನ್ನೂ ಕಾಣದು. ಸಮುದ್ರವು ಕಾದು ಹಿಮವು ಕರಗಿದಂತೆಲ್ಲ ನೀರಿನ ಕಲಕಾಟದ ರೀತಿಯೇ ಬದಲಾಗುವುದು.

ಆ ಖಂಡದ ವ್ಯವಹಾರದಲ್ಲಿ ಭಾರತಕ್ಕೆ 1983ರಿಂದ ಮತಾಧಿಕಾರವಿದೆ. ಮೈತ್ರಿ, ಭಾರತಿ ಎಂಬ ನೆಲೆಗಳಿವೆ. 2024ರ ಮೇ ತಿಂಗಳಲ್ಲಿ ಒಪ್ಪಂದದ ರಾಷ್ಟ್ರಗಳ ಸಭೆಯು ಕೊಚ್ಚಿಯಲ್ಲಿಯೇ ನೆರೆದಿತ್ತು. ಪರರು ಅಳೆದ ಅಂಕಿಗಳನ್ನೇ ನಂಬಿ ಮತ ಕೊಡುವುದು ಸ್ವಾಭಿಮಾನಿ ರಾಷ್ಟ್ರಕ್ಕೆ ತಕ್ಕುದಲ್ಲ. ನಮ್ಮ ವಿದ್ವಾಂಸರು ಆ ನೀರನ್ನೂ ಬೆಳಕನ್ನೂ ವರ್ಷವರ್ಷವೂ ಅಳೆಯಲಿ. ಅದಕ್ಕಾಗುವ ವೆಚ್ಚವು ದುಂದಲ್ಲವೆಂಬುದೇ ನಮ್ಮ ಅಭಿಪ್ರಾಯ. ಪೈರು ಬಾಡಿದ ಮೇಲೆ ಹೊಲ ನೋಡಲು ಹೋಗುವವನನ್ನು ಹೊಣಕೆರೆಯವರು ರೈತನೆನ್ನುವುದಿಲ್ಲ.