ಮಂಗಳದವರೆಗೆ ಕೂರುವ ಅಭಿಮಾನ

ಕಲಾವಿದನಿಗೆ ಅಭಿಮಾನಿಗಳಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಭಿಮಾನವು ಕಲೆಯನ್ನು ಬೆಳೆಸುವಂತೆಯೇ ಅದನ್ನು ಕುಗ್ಗಿಸಲೂಬಹುದೆಂಬ ವಿಚಾರ ನಮಗೆ ಅಷ್ಟಾಗಿ ಹೊಳೆಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಘಟ್ಟದ ಮೇಲಿನ ಸೀಮೆಯಲ್ಲಿ ಯಕ್ಷಗಾನದ ಆಟಕ್ಕೆ ದೊರೆತಷ್ಟು ಅಭಿಮಾನ ಬೇರೆ ಯಾವ ಕಲೆಗೂ ದೊರೆತಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆ ಅಭಿಮಾನದ ಸ್ವರೂಪ ಹೇಗಿತ್ತು, ಇಂದು ಹೇಗೆ ಮಾರ್ಪಟ್ಟಿದೆ, ಆ ವಿಷಯದಲ್ಲಿ ಒಂದು ವಿದ್ಯಾಸಂಸ್ಥೆಯ ಕರ್ತವ್ಯವೇನು ಎಂಬುದನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುವುದು ನನ್ನ ಉದ್ದೇಶ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಹಳ್ಳಿಯ ಗದ್ದೆಬಯಲಿನಲ್ಲಿ ಎರಡು ಪ್ರಸಂಗಗಳ ಆಟವಿತ್ತು. ಮೊದಲ ಪ್ರಸಂಗದಲ್ಲಿ ನಮ್ಮ ಮೆಚ್ಚಿನ ವೇಷಧಾರಿ. ಅವರು ಕುಣಿದಷ್ಟು ಹೊತ್ತು ನಾವು ಹತ್ತು ಹುಡುಗರು ಶಿಳ್ಳೆ ಹಾಕಿದೆವು, ಚಪ್ಪಾಳೆ ತಟ್ಟಿದೆವು. ಅವರ ವೇಷ ಚೌಕಿಗೆ ಮರಳಿದೊಡನೆ ಎದ್ದು ಹೊರಟೆವು. ನಮ್ಮನ್ನು ಕಂಡು ಮತ್ತೂ ಅನೇಕರು ಎದ್ದರು. ಅರ್ಧ ದಾರಿ ನಡೆದ ಮೇಲೆ ಬ್ಯಾಟರಿಯನ್ನು ಮರೆತು ಬಂದುದು ನೆನಪಾಗಿ ನಾನೊಬ್ಬನೇ ಹಿಂದಿರುಗಿದೆ. ಬಯಲು ಬರಿದಾಗಿತ್ತು. ಕಂಬಳಿ ಹೊದ್ದ ಇಪ್ಪತ್ತು ಮೂವತ್ತು ಹಿರಿಯರು ಮಾತ್ರ ಕುಳಿತಿದ್ದರು. ಭಾಗವತರು ಶ್ರುತಿಯನ್ನು ಒಂದಿಷ್ಟೂ ಇಳಿಸದೆ, ಸಾವಿರ ಜನರ ಮುಂದೆ ಹೇಗೋ ಹಾಗೆಯೇ ಹಾಡುತ್ತಿದ್ದರು. ಮದ್ದಳೆಯವರ ಕೈಯೂ ಸಡಿಲಗೊಂಡಿರಲಿಲ್ಲ. ನಾನು ನಾಚಿ ಹಿಂದಿನ ಸಾಲಿನಲ್ಲಿ ಕುಳಿತೆ. ಬೆಳಗಿನ ಮಂಗಳ ಪದ್ಯ ಕೇಳಿ ಎದ್ದೆ. ಅಭಿಮಾನದ ಮೊದಲ ಪಾಠ ನನಗೆ ದೊರೆತದ್ದು ಅಂದು.

ಆಟದಲ್ಲಿ ನಾವು ಮೆಚ್ಚುವುದು ಏನನ್ನು? ಕಥೆಯನ್ನಂತೂ ಅಲ್ಲ, ಕೀಚಕನು ಸಾಯುವನೆಂದು ಮಕ್ಕಳಿಗೂ ಗೊತ್ತು. ಪದ್ಯಗಳೂ ಹಳೆಯವೇ. ಹೀಗಿದ್ದೂ ಅದೇ ಪ್ರಸಂಗವನ್ನು ನೋಡಲು ನಮ್ಮ ಹಿರಿಯರು ಹರದಾರಿಗಟ್ಟಲೆ ಕಾಡುದಾರಿಯಲ್ಲಿ ನಡೆದು ಹೋಗುತ್ತಿದ್ದುದೇಕೆ? ಒಂದು ರಾತ್ರಿಯ ಆಟ ಮತ್ತೊಂದು ರಾತ್ರಿ ಹುಟ್ಟುವುದಿಲ್ಲವೆಂಬುದೇ ಅದಕ್ಕೆ ಕಾರಣ. ವೇಷಧಾರಿಯು ಪದ್ಯಕ್ಕೆ ಹೇಳುವ ಅರ್ಥವು ಬರೆದಿಟ್ಟ ಮಾತಲ್ಲ. ಎದುರಾಳಿಯ ಮಾತಿಗೆ ತಕ್ಕಂತೆ ಅಲ್ಲಿಯೇ ಮೂಡುವಂಥದು. ಭಾಗವತರು ಒಂದು ಸಾಲನ್ನು ಎಷ್ಟು ಬೆಳೆಸುವರು, ಎಲ್ಲಿ ನಿಲ್ಲಿಸುವರು ಎಂಬುದನ್ನು ಮದ್ದಳೆಯವರು ಅವರ ಉಸಿರಿನಿಂದ ಅರಿಯಬೇಕು. ಚೆಂಡೆಯವರು ವೇಷಧಾರಿಯ ಹೆಜ್ಜೆಯಿಂದ ಅರಿಯಬೇಕು. ಹಿಮ್ಮೇಳ ಮುಮ್ಮೇಳಗಳು ಒಂದನ್ನೊಂದು ಆಲಿಸುವ ಈ ಕ್ರಿಯೆಯೇ ಆಟದ ಜೀವಾಳ. ಪ್ರೇಕ್ಷಕನೂ ಆಲಿಸಿದಾಗ ಆ ವೃತ್ತ ಪೂರ್ಣವಾಗುತ್ತದೆ.

ಈ ಮಾತು ನಮ್ಮ ಸೀಮೆಗಷ್ಟೇ ಸಲ್ಲುವುದಲ್ಲ. ಅಮೆರಿಕದಲ್ಲಿ, ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿಯವರ ನಡುವೆ ಹುಟ್ಟಿದ ಜಾಝ್ ಸಂಗೀತವೂ ಬಹುಮಟ್ಟಿಗೆ ಮನೋಧರ್ಮವನ್ನೇ ಆಶ್ರಯಿಸಿದೆ. (ನಮ್ಮ ಯಲ್ಲಾಪುರದ ಕಾಡಿನ ಸಿದ್ದಿಯರ ಪೂರ್ವಜರೂ ಆಫ್ರಿಕಾದಿಂದಲೇ ಬಂದವರು, ಅವರ ಡಮಾಮಿಯ ಬಡಿತ ಕೇಳಿದವರಿಗೆ ಜಾಝಿನ ಲಯ ಪೂರ್ತಿ ಪರಕೀಯವೆನಿಸಲಾರದು.) ಆ ಜಾಝನ್ನೂ ನಮ್ಮ ರಾಗತಾಳಗಳನ್ನೂ ಬೆಸೆದ ‘ಶಕ್ತಿ’ ಎಂಬ ವಾದ್ಯವೃಂದವು 1970ರ ದಶಕದಲ್ಲಿ ಹುಟ್ಟಿತು. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ತಬಲದ ಜಾಕಿರ್ ಹುಸೇನ್, ಪಿಟೀಲಿನ ಎಲ್. ಶಂಕರ್, ಘಟದ ವಿಕ್ಕು ವಿನಾಯಕರಾಮ್ ಅದರ ಪ್ರಮುಖರು. 1976ರಲ್ಲಿ ಹೊರಬಂದ ಅದರ ಮೊದಲ ಧ್ವನಿಮುದ್ರಿಕೆಯು ಹಿಂದಿನ ವರ್ಷ ನ್ಯೂಯಾರ್ಕ್ ಪ್ರಾಂತದ ಒಂದು ಕಾಲೇಜಿನಲ್ಲಿ ಸಭಿಕರ ಎದುರು ನುಡಿಸಿದುದರ ದಾಖಲೆಯೇ ಆಗಿತ್ತು. ಇಂಥ ವೃಂದಗಳ ಅಭಿಮಾನಿಗಳು ಒಂದೇ ಕೃತಿಯನ್ನು ಬೇರೆ ಬೇರೆ ಊರುಗಳಲ್ಲಿ ಹೇಗೆ ನುಡಿಸಿದರೆಂಬುದನ್ನು ಕೂಡಿಟ್ಟು ಹೋಲಿಸಿ ಸವಿಯುತ್ತಾರೆ. ನಮ್ಮ ಹಿರಿಯರು ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಜಗಲಿಯ ಮೇಲೆ ಕುಳಿತು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಹೋದ ವಾರದ ಆಟದಲ್ಲಿ ಆ ಪದ್ಯ ಹೇಗೆ ಬಂತು, ಈ ವಾರ ಹೇಗೆ ಬಂತು, ಯಾರ ಮಾತಿಗೆ ಯಾರು ಸೋತರು ಎಂಬ ಚರ್ಚೆ ಸುಲಿಯುವ ಕತ್ತಿಯ ಸದ್ದಿನೊಡನೆ ನಡುರಾತ್ರಿಯವರೆಗೆ ಸಾಗುತ್ತಿತ್ತು. ಅಕ್ಷರ ಬಾರದವರೂ ಅಲ್ಲಿ ನಿಷ್ಠುರ ವಿಮರ್ಶಕರಾಗಿದ್ದರು.

ಅಂಥ ವಿಮರ್ಶೆಯ ನೆರಳಿನಲ್ಲಿಯೇ ದೊಡ್ಡ ಮೇಳಗಳು ಬೆಳೆದವು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಅವರ ಮಗ ಶಂಭು ಹೆಗಡೆಯವರು ಮುಂದುವರಿಸಿದರು. ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿ ಬಂದರೂ ಅವರು ಊರಿನ ರಂಗಸ್ಥಳವನ್ನು ಬಿಡಲಿಲ್ಲ. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿ ಕುಣಿದ ಬೆನ್ನಿಗೇ ತೀರಿಕೊಂಡರು. ಆ ಮೇಳದ ಹಿಂದೆ ದೀರ್ಘಕಾಲ ಕುಳಿತು ಹಾಡಿದವರು ನಮ್ಮ ಶಿರಸಿ ತಾಲೂಕಿನ ನೆಬ್ಬೂರು ನಾರಾಯಣ ಭಾಗವತರು. ಅಬ್ಬರವಿಲ್ಲದ, ಭಾವವೇ ಮುಂದಾದ ಅವರ ಹಾಡಿಕೆ ವೇಷಧಾರಿಯನ್ನು ಎತ್ತಿ ನಿಲ್ಲಿಸುತ್ತಿತ್ತು. 2019ರಲ್ಲಿ ಅವರು ನಮ್ಮನ್ನಗಲಿದರು. ಶಂಭು ಹೆಗಡೆಯವರ ಅಭಿನಯವನ್ನು ಕೊಂಡಾಡುವ ನೂರು ಜನರಲ್ಲಿ ಅದರ ಬೆನ್ನಿಗಿದ್ದ ನೆಬ್ಬೂರರ ಪದ್ಯವನ್ನು ನೆನೆಯುವವರು ಎಷ್ಟು ಮಂದಿ? ಅಭಿಮಾನದ ಲೋಪವೊಂದು ಇಲ್ಲಿಯೇ ಇದೆ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರರಿಗೆ ಒಲಿದಷ್ಟು ಜನ ಮತ್ತಾರಿಗೂ ಒಲಿದಿರಲಾರರು. 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ಗತಿಸುವ ತನಕ ಅವರ ಕುಣಿತದ ಮೋಹ ಜನರನ್ನು ಬಿಡಲಿಲ್ಲ. ಗುಂಡ್ಮಿ ಕಾಳಿಂಗ ನಾವಡರದು ಇನ್ನೊಂದು ಬಗೆ. ಹೊಸ ರಾಗಗಳನ್ನು ಯಕ್ಷಗಾನಕ್ಕೆ ತಂದು ಭಾಗವತಿಕೆಗೇ ತಾರಾಪಟ್ಟ ದೊರಕಿಸಿದ ಅವರು 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ಅಸುನೀಗಿದರು. ಅವರನ್ನು ಕಾಣದ ತಲೆಮಾರು ಕ್ಯಾಸೆಟ್ಟುಗಳಿಂದ ಅವರನ್ನು ಮೆಚ್ಚಿತು. ಆದುದರಿಂದ ಧ್ವನಿಮುದ್ರಣವನ್ನು ನಾನು ಹಳಿಯಲಾರೆ. ಅದು ನೆನಪಿನ ಭಂಡಾರ. ಆದರೆ ಇಂದು ಕಾಣುವುದೇನು? ರಂಗಸ್ಥಳದ ಮುಂದೆ ಕುಳಿತವರು ಮೊಬೈಲ್ ಎತ್ತಿ ಹಿಡಿದು, ಮೆಚ್ಚಿನ ವೇಷದ ಒಂದು ನಿಮಿಷದ ಕುಣಿತವನ್ನು ಹಿಡಿದುಕೊಂಡು ಎದ್ದು ಹೋಗುತ್ತಾರೆ. ಆ ತುಣುಕಿನಲ್ಲಿ ಭಾಗವತರ ಮುಖವಿರುವುದಿಲ್ಲ, ಎದುರು ವೇಷದ ಮಾತಿರುವುದಿಲ್ಲ. ಚಪ್ಪಾಳೆ ಕುಣಿತಕ್ಕೆ ಮಾತ್ರ ಬೀಳುವುದೆಂದು ತಿಳಿದ ಕಿರಿಯ ಕಲಾವಿದನು ಅರ್ಥವನ್ನು ಮೊಟಕುಗೊಳಿಸಿ ಗಿರಕಿಯನ್ನು ಹೆಚ್ಚಿಸುತ್ತಾನೆ. ತಪ್ಪು ಅವನದಲ್ಲ, ನಾವು ಕೇಳಿದ್ದನ್ನು ಅವನು ಕೊಡುತ್ತಿದ್ದಾನೆ.

ಇಡೀ ರಾತ್ರಿ ಕೂರಲು ಈಗ ಯಾರಿಗೆ ಸಾಧ್ಯವೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದುದೇ. ಕಾಲಮಿತಿಯ ಪ್ರದರ್ಶನಗಳನ್ನು ಕೆರೆಮನೆಯವರೂ ನೀಡಿದ್ದಾರೆ. ಅದರಿಂದ ಕಲೆಯೇನೂ ಕೆಡಲಿಲ್ಲ. ನನ್ನ ವಾದ ಗಂಟೆಗಳ ಲೆಕ್ಕದ್ದಲ್ಲ. ಮೂರು ಗಂಟೆಯ ಆಟವಾದರೆ ಮೂರು ಗಂಟೆಯನ್ನೂ ಕೂರಬೇಕು, ಮೇಳವನ್ನು ಇಡಿಯಾಗಿ ಕೇಳಬೇಕು ಎಂಬಷ್ಟೇ ನನ್ನ ವಿನಂತಿ. ಮೇಲೆ ಹೇಳಿದ ‘ಶಕ್ತಿ’ ವೃಂದವು 2023ರಲ್ಲಿ ಹೊರತಂದ ಧ್ವನಿಮುದ್ರಿಕೆಗೆ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನರು ಇಲ್ಲವಾದರು. ಮುದ್ರಿಕೆ ಉಳಿದಿದೆ, ಎದುರು ಕುಳಿತು ಕೇಳುವ ಭಾಗ್ಯ ಮಾತ್ರ ಮುಗಿದಿದೆ. ನೆಬ್ಬೂರರ ವಿಷಯದಲ್ಲೂ ಹಾಗೆಯೇ ಆಯಿತು. ಇಂದು ಹಾಡುತ್ತಿರುವವರ ವಿಷಯದಲ್ಲಿಯಾದರೂ ನಾವು ತಡಮಾಡಬಾರದು.

ಕೇಳುವುದನ್ನು ಕಲಿಸಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ಎರಡು ನಿದರ್ಶನಗಳಿವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ನಮ್ಮ ಸೀಮೆಯವರೇ ಆದ, 2020ರಲ್ಲಿ ದಿವಂಗತರಾದ ಹೊಸ್ತೋಟ ಮಂಜುನಾಥ ಭಾಗವತರು ಶಿವಮೊಗ್ಗದಲ್ಲಿ ಅಂಧ ಮಕ್ಕಳಿಗೆ ಯಕ್ಷಗಾನವನ್ನೇ ಕಲಿಸಿ ರಂಗಕ್ಕೇರಿಸಿದರು. ಎದುರಿನವನ ಹೆಜ್ಜೆಯನ್ನು ಕಣ್ಣಿನಿಂದ ಕಾಣದ ಮಕ್ಕಳು ಕಿವಿಯಿಂದಲೇ ಕಂಡು ಕುಣಿದರು. ಕಣ್ಣಿರುವ ನಮ್ಮ ಮಕ್ಕಳಿಗೆ ಅದರ ಹತ್ತರಲ್ಲೊಂದು ಪಾಲು ಕೇಳ್ಮೆಯನ್ನು ಕಲಿಸಲಾರೆವೇ?

ಕೊನೆಯದಾಗಿ ಮೂರು ಸಲಹೆಗಳು. ಶಿಕ್ಷಕಬಂಧುಗಳು ವರ್ಷಕ್ಕೊಮ್ಮೆಯಾದರೂ ಹಿಮ್ಮೇಳದವರನ್ನು ಶಾಲೆಗೆ ಕರೆಸಿ, ವೇಷವಿಲ್ಲದೆ, ಒಂದು ಪದ್ಯ ಹೇಗೆ ಹುಟ್ಟುತ್ತದೆಂಬುದನ್ನು ಮಕ್ಕಳಿಗೆ ಹತ್ತಿರದಿಂದ ಕೇಳಿಸಲಿ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟಗಳಲ್ಲಿ ಬೂಷ್ಟು ಹಿಡಿಯುತ್ತಿರುವ ಆಟ ಮತ್ತು ತಾಳಮದ್ದಳೆಗಳ ಕ್ಯಾಸೆಟ್ಟುಗಳನ್ನು, ಊರು ಮತ್ತು ದಿನಾಂಕ ಬರೆದು, ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಲಿ. ದಾನಿಗಳು ಆಟವಾಡಿಸುವಾಗ ಪ್ರಸಿದ್ಧ ವೇಷಧಾರಿಯ ಹೆಸರಿನೊಡನೆ ಭಾಗವತರ, ಮದ್ದಳೆ ಚೆಂಡೆಯವರ ಹೆಸರುಗಳನ್ನೂ ಕರಪತ್ರದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಿ. ತಾವೂ ಸನ್ಮಾನ ಮುಗಿದೊಡನೆ ಏಳದೆ ಮಂಗಳದವರೆಗೆ ಮುಂದಿನ ಸಾಲಿನಲ್ಲಿ ಕುಳಿತಿರಲಿ. ಹಿರಿಯರು ಕುಳಿತರೆ ಹಿಂದಿನ ಸಾಲಿನ ಹುಡುಗರೂ ಕೂರುತ್ತಾರೆ. ಅಂದು ಕಂಬಳಿ ಹೊದ್ದು ಕುಳಿತಿದ್ದ ಆ ಇಪ್ಪತ್ತು ಮೂವತ್ತು ಮಂದಿ ಇಲ್ಲದಿದ್ದರೆ ನಾನು ಬ್ಯಾಟರಿ ಹುಡುಕಿಕೊಂಡು ಮನೆಗೆ ಹೋಗಿಬಿಡುತ್ತಿದ್ದೆ.