ಸೇನೆಗೆ ಸೇರಲು ಹದಿನೆಂಟು ತುಂಬಿರಲಿ

ಚಿಕ್ಕಬಾಣಾವರದ ಹದಿನೇಳೂವರೆ ವರ್ಷದ ಹುಡುಗ ಗೇರ್ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನ ಮೇಲೆ ಕೇಸು ಬೀಳುತ್ತದೆ. ಅವನಿಗೆ ಓಟಿಲ್ಲ. ಬಾಡಿಗೆ ಕರಾರಿಗೆ ಅವನು ಹಾಕಿದ ಸಹಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆದರೆ ನಾಲ್ಕು ವರ್ಷದ ಮಟ್ಟಿಗೆ ಅವನು ಅಗ್ನಿವೀರನಾಗಬಹುದು. ಪರೀಕ್ಷೆಗಳನ್ನು ಪಾಸು ಮಾಡಿ, ನೋಂದಣಿ ಪತ್ರಕ್ಕೆ ಹೆತ್ತವರ ಸಹಿ ಹಾಕಿಸಿದರಾಯಿತು.

ಈ ಭಾಗದವರಿಗೆ ಸೇನೆ ದೂರದ ಮಾತಲ್ಲ. ಪಕ್ಕದ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜಿದೆ. ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ, ಅದರ ಪಕ್ಕದ ಸಾಂಬ್ರಾದಲ್ಲಿ ಏರ್‌ಮೆನ್ ತರಬೇತಿ ಶಾಲೆ. ದೇಶದ ಬೇರೆ ಬೇರೆ ಕಡೆಯ ಎಷ್ಟೋ ಹುಡುಗರು ಮೊದಲ ಸಲ ಸಮವಸ್ತ್ರ ತೊಡುವುದು ಈ ನೆಲದಲ್ಲಿ. ಅವರ ವಯಸ್ಸಿನ ಪ್ರಶ್ನೆಯನ್ನು ಕನ್ನಡಿಗರೂ ಎತ್ತಬೇಕಾದದ್ದು ಅದಕ್ಕೇ.

ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳನ್ನು ತೊಡಗಿಸುವುದರ ವಿರುದ್ಧ ವಿಶ್ವಸಂಸ್ಥೆ 2000ದಲ್ಲಿ ಒಂದು ಒಪ್ಪಂದ ಮಾಡಿತು. ಭಾರತ 2005ರಲ್ಲಿ ಅದನ್ನು ಅನುಮೋದಿಸಿ ಎರಡು ಮಾತು ಕೊಟ್ಟಿತು: ಸೇನೆಗೆ ಸೇರುವ ಕನಿಷ್ಠ ವಯಸ್ಸು 16, ಕಾರ್ಯಾಚರಣೆಯ ಪ್ರದೇಶಕ್ಕೆ ಕಳಿಸುವುದು 18 ತುಂಬಿದ ಮೇಲೆ. ಟೈಗರ್ ಹಿಲ್ ಹತ್ತಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಸೇನೆಗೆ ಸೇರಿದ್ದು ಹದಿನಾರರಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ ಅವರಿಗೆ ಹತ್ತೊಂಬತ್ತು.

2022ರ ಅಗ್ನಿಪಥ ಯೋಜನೆ ಪ್ರವೇಶದ ವಯಸ್ಸನ್ನು ಹದಿನೇಳೂವರೆಗೆ ನಿಗದಿ ಮಾಡಿತು. ಆದರೆ ಅದು ಯೋಜನೆಯೊಂದರ ನಿಯಮ ಅಷ್ಟೆ. ನಾಳೆ ಯುದ್ಧ ಬಂದು ಜನ ಸಾಲದಾದಾಗ ಅದನ್ನು ಹದಿನಾರಕ್ಕೆ ಇಳಿಸಿದರೂ 2005ರ ಘೋಷಣೆಯನ್ನು ಮುರಿದಂತಾಗುವುದಿಲ್ಲ.

ಯುದ್ಧದ ಹೊತ್ತಿನಲ್ಲಿ ವಯಸ್ಸಿನ ಗೆರೆ ಎಷ್ಟು ಬೇಗ ಅಳಿಸುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಅಲ್ಲಿ ಸೈನಿಕನನ್ನು ಹೊರದೇಶಕ್ಕೆ ಕಳಿಸಲು 19 ಆಗಿರಬೇಕಿತ್ತು. ಸಿಡ್ನಿ ಲೂಯಿಸ್ ಎಂಬ ಹುಡುಗ 1916ರಲ್ಲಿ ಸೊಮ್ ಕದನಕ್ಕಿಳಿದಾಗ ಅವನಿಗೆ ಹದಿಮೂರು. 1982ರ ಫಾಕ್ಲೆಂಡ್ ಯುದ್ಧದಲ್ಲಿ ಹದಿನೇಳರ ಪ್ಯಾರಾ ಸೈನಿಕರು ಸತ್ತರು. ಅದು ಹಳೆಯ ಕಾಲ ಎನ್ನೋಣವೆಂದರೆ, ಇದೇ ಒಪ್ಪಂದವನ್ನು 2003ರಲ್ಲಿ ಅನುಮೋದಿಸಿದ ಮೇಲೂ ಹದಿನೆಂಟು ತುಂಬದ 15 ಮಂದಿಯನ್ನು ಬ್ರಿಟನ್ ಇರಾಕಿಗೆ ಕಳಿಸಿತ್ತು. ಕಣ್ತಪ್ಪಿನಿಂದ ಆಯಿತು ಎಂದು ಸರ್ಕಾರವೇ ಆಮೇಲೆ ಒಪ್ಪಿಕೊಂಡಿತು. ಹದಿನೆಂಟರೊಳಗಿನವರನ್ನು ಬ್ಯಾರಕ್ಕಿಗೆ ಸೇರಿಸಿಕೊಂಡ ಕಡೆ ಇಂಥ ಕಣ್ತಪ್ಪಿಗೆ ಅವಕಾಶ ಇದ್ದೇ ಇರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಶಾಲೆಗೆ ಸೇರಿಸುವ ಆತುರಕ್ಕೆ ಮಗುವಿನ ವಯಸ್ಸನ್ನು ಒಂದಷ್ಟು ಏರಿಸಿ, ಜೂನ್ ತಿಂಗಳ ಯಾವುದೋ ತಾರೀಕನ್ನು ಬರೆಸುವ ರೂಢಿ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಹಾಗೆ ಬರೆದದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತದೆ. ಕಾಗದದಲ್ಲಿ ಹದಿನೇಳೂವರೆ ಆದವನಿಗೆ ನಿಜಕ್ಕೂ ಹದಿನೇಳು ತುಂಬಿರದೆಯೂ ಇರಬಹುದು. ಭೂಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ ವಿವಾದ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರ ಮೂಲ ಹುಡುಗನಾಗಿದ್ದಾಗ ತುಂಬಿದ ಅರ್ಜಿಯಲ್ಲಿತ್ತು.

ತರಬೇತಿಗೇ ಆರೇಳು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಹುಡುಗನಿಗೆ ಹದಿನೆಂಟು ತುಂಬುತ್ತದೆ ಎನ್ನುವವರಿದ್ದಾರೆ. ಮಾತು ನಿಜ. ಹಾಗಿದ್ದರೆ ಆರು ತಿಂಗಳು ಕಾಯುವುದರಿಂದ ಸೇನೆ ಕಳೆದುಕೊಳ್ಳುವುದೇನು? ಆ ಆರು ತಿಂಗಳಲ್ಲಿ ಹುಡುಗ ದ್ವಿತೀಯ ಪಿಯುಸಿ ಮುಗಿಸಿಕೊಳ್ಳಬಹುದು. ನಾಲ್ಕು ವರ್ಷದ ಬಳಿಕ ಪ್ರತಿ ತಂಡದಿಂದ ಸೇನೆಯಲ್ಲಿ ಉಳಿಯುವವರು ಶೇ 25ರವರೆಗೆ ಮಾತ್ರ. ಹೊರಗೆ ಬರುವ ಉಳಿದವರಿಗೆ ಕೆಲಸ ಹುಡುಕುವಾಗ ಕೈಹಿಡಿಯುವುದು ಆ ಓದು.

ಅಪ್ರಾಪ್ತರನ್ನು ಸೇರಿಸಿಕೊಳ್ಳುವ ಉಗ್ರ ಗುಂಪುಗಳಿಗೆ 2015ರ ಬಾಲನ್ಯಾಯ ಕಾಯ್ದೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಸೇನೆಯನ್ನೂ ಉಗ್ರರನ್ನೂ ಒಂದೇ ತಕ್ಕಡಿಯಲ್ಲಿ ಯಾರೂ ತೂಗುವುದಿಲ್ಲ. ಆದರೂ ಹದಿನೆಂಟರೊಳಗಿನವರು ಮಕ್ಕಳು ಎಂದು ಒಪ್ಪಿದ ದೇಶ ಬ್ಯಾರಕ್ಕಿನಲ್ಲೂ ಅದನ್ನು ಪಾಲಿಸಬೇಕು.

ಇದಕ್ಕೆ ದೊಡ್ಡ ಕಸರತ್ತೇನೂ ಬೇಕಿಲ್ಲ. ಒಪ್ಪಂದದ ಮೂರನೇ ವಿಧಿಯಂತೆ ಯಾವ ದೇಶವಾದರೂ ತನ್ನ ಘೋಷಣೆಯನ್ನು ಯಾವಾಗ ಬೇಕಾದರೂ ಬಿಗಿಗೊಳಿಸಬಹುದು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಿದರೆ ಆಯಿತು. ಕೇಂದ್ರ ಸರ್ಕಾರ 16 ಎಂಬುದನ್ನು ತೆಗೆದು 18 ಎಂದು ಬರೆದು ಕಳಿಸಲಿ. ಕರ್ನಾಟಕದ ಸಂಸದರು ಸಂಸತ್ತಿನಲ್ಲಿ ಇದನ್ನು ಕೇಳಲಿ.